ಕಾಳ್ಯಾನ ಅಂಗಿ

ಮೊರಬದ ತಿರಕಪ್ಪನ ಮನೆಯ ಬೆಕ್ಕಿನ ಹೆಸರು ಗುಂಡಿ. ಮೈಯೆಲ್ಲ ಬೂದಿ ಬಣ್ಣ, ಹಣೆಯ ಮೇಲೆ ಮಾತ್ರ ಅಂಗಿಯ ಗುಂಡಿಯಷ್ಟು ದೊಡ್ಡ ಬಿಳಿ ಮಚ್ಚೆ. ಅದನ್ನು ನೋಡಿ ತಿರಕಪ್ಪನೇ ಆ ಹೆಸರು ಇಟ್ಟಿದ್ದ. ಗುಂಡಿಗೆ ಒಂದು ಚಟವಿತ್ತು. ಮನೆಯಲ್ಲಿ ಯಾರು ಎಲ್ಲಿ ಬಟ್ಟೆ ಹಾಸಿದರೂ, ಮಡಚಿಟ್ಟರೂ, ಕತ್ತರಿಸಲು ಬಿಡಿಸಿದರೂ ಅದರ ಮೇಲೆ ಹೋಗಿ ಕೂತುಬಿಡುವುದು. ಮೊದಲು ಮುಂಗಾಲಿನಿಂದ ನಾಲ್ಕು ಸಲ ನಾದುವುದು, ಒಂದು ಸುತ್ತು ತಿರುಗುವುದು, ಆಮೇಲೆ ಕೂತು ಕಣ್ಣು ಮುಚ್ಚುವುದು. ತಿರಕಪ್ಪ ನಲವತ್ತು ವರ್ಷ ಆ ಊರಿನ ಗಂಡಸರಿಗೆ ಅಂಗಿ, ಪ್ಯಾಂಟು ಹೊಲಿದುಕೊಟ್ಟವನು. ಗುಂಡಿ ಬಂದ ಮೇಲಿನ ಆರು ವರ್ಷಗಳಲ್ಲಿ ಅವನ ಕೈಯಿಂದ ಹೊರಗೆ ಹೋದ ಪ್ರತಿ ಅಂಗಿಗೂ ಎರಡು ಬೂದಿ ಕೂದಲು ಅಂಟಿಕೊಂಡೇ ಇರುತ್ತಿದ್ದವು. ಜನ ಅದನ್ನು ಕೊಡವಿ ಹಾಕಿಕೊಳ್ಳುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ತಿರಕಪ್ಪನಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹನ್ನೆರಡು ದಿನ ಇದ್ದು ಮನೆಗೆ ಬಂದ. ಕಾಲಿಗೆ ನಿಧಾನವಾಗಿ ಬಲ ಬಂತು, ಬಡಿಗೆ ಊರಿಕೊಂಡು ಓಣಿಯ ತುದಿಯವರೆಗೆ ನಡೆದು ಬರುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಬೆರಳುಗಳು ಏನನ್ನೋ ಹಿಡಿದುಕೊಂಡಂತೆ ಮಡಚಿಕೊಂಡೇ ಉಳಿದವು. ಮಾತು ಬಂತು, ಆದರೆ ನಾಲಿಗೆ ದಪ್ಪವಾದಂತೆ ತೊದಲಿ ಬರುತ್ತಿತ್ತು. ಒಂದು ಸಲ ಅಲ್ಲಿ ಅವನು ಹೇಳಿದ್ದನ್ನು ಹಳೆಯ ಗೆಳೆಯನೊಬ್ಬ ಮೂರು ಸಲ ಕೇಳಬೇಕಾಯಿತು. ಅಂದಿನಿಂದ ತಿರಕಪ್ಪ ಮಾತಾಡುವುದನ್ನೇ ಬಿಟ್ಟ. ಊಟಕ್ಕೆ ಕರೆದರೆ ತಲೆ ಆಡಿಸುವನು, ಸಾಕಾದರೆ ಎಡಗೈ ಅಡ್ಡ ಹಿಡಿಯುವನು. ಯಾರೂ ಇಲ್ಲದಾಗ ಗುಂಡಿಯ ಜೊತೆ ಮಾತ್ರ ಏನೋ ಗುನುಗುತ್ತಿದ್ದ. ಅದು ಸೊಸೆ ಮಂಜುಳಾಳ ಕಿವಿಗೆ ಒಳಗಿನ ಅಡುಗೆಮನೆಯಲ್ಲಿ ಬೀಳುತ್ತಿತ್ತು. ಮಾತು ಏನೆಂದು ತಿಳಿಯುತ್ತಿರಲಿಲ್ಲ.

ಮಂಜುಳಾ ಕಲಘಟಗಿ ತಾಲೂಕಿನ ತಂಬೂರಿನವಳು. ಮದುವೆಗೆ ಮೊದಲು ಮೂರು ತಿಂಗಳು ಹೊಲಿಗೆ ಕಲಿತಿದ್ದಳು. ಗಂಡನ ಮನೆಗೆ ಬಂದ ಮೇಲೆ, ಮಾವ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅವನ ಮಷೀನಿನ ಮೇಲೆ ತನ್ನ ಸೀರೆಯ ಜಂಪರುಗಳನ್ನಷ್ಟೇ ಹೊಲಿದುಕೊಳ್ಳುತ್ತಿದ್ದಳು. ಲಕ್ವಾ ಹೊಡೆದ ಮೇಲೆ ಮಷೀನಿಗೆ ಒಂದು ಹಳೆಯ ಚಾದರ ಹೊದಿಸಿ ಇಟ್ಟರು. ನಾಲ್ಕು ತಿಂಗಳು ಅದು ಗುಂಡಿಯ ಮಂಚವಾಯಿತು.

ಒಂದು ದಿನ ಮೇಲಿನ ಓಣಿಯ ಒಬ್ಬಾಕೆ, ತಂಗಿಯ ಮದುವೆ ಹತ್ತಿರ ಬಂತು, ಒಂದು ಜಂಪರ್ ಹೊಲಿದುಕೊಡು ಎಂದು ಬಟ್ಟೆ ಇಟ್ಟು ಹೋದಳು. ಮಂಜುಳಾ ಎರಡು ದಿನ ಯೋಚಿಸಿದಳು. ಮಾವನನ್ನು ಕೇಳಬೇಕು ಎಂದುಕೊಂಡಳು. ಕೇಳಿದರೆ ಅವನಿಗೆ ಕೈಯ ನೆನಪಾಗಿ ನೋವಾದೀತು ಎಂದು ಸುಮ್ಮನಾದಳು. ಮೂರನೆಯ ದಿನ ಗುಂಡಿಯನ್ನು ಎತ್ತಿ ಕೆಳಗಿಟ್ಟು, ಚಾದರ ತೆಗೆದು, ಎಣ್ಣೆ ಬಿಟ್ಟು ಹೊಲಿಯಲು ಕೂತಳು. ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ತಿರಕಪ್ಪ ಒಮ್ಮೆ ತಿರುಗಿ ನೋಡಿದ. ಆಮೇಲೆ ಎದ್ದು, ಎಡಗೈಯಿಂದ ಕುರ್ಚಿಯನ್ನು ಎಳೆದು ರಸ್ತೆಯ ಕಡೆ ಮುಖ ಮಾಡಿಟ್ಟು, ಮಷೀನಿಗೆ ಬೆನ್ನು ಹಾಕಿ ಕೂತ. ಆ ದಿನದಿಂದ ಅವಳು ಹೊಲಿಯಲು ಕೂತಾಗಲೆಲ್ಲ ಅವನ ಬೆನ್ನೇ ಕಾಣುವುದು.

"ಮಾವಾರಿಗೆ ಸಿಟ್ಟ ಬಂದೈತ್ರಿ," ಎಂದು ಅವಳು ಗಂಡ ಪುಂಡಲೀಕನಿಗೆ ಹೇಳಿದಳು.

ಪುಂಡಲೀಕ ಬೇರೆಯವರ ಟ್ರ್ಯಾಕ್ಟರ್ ಓಡಿಸುವವನು. ಹೆಚ್ಚು ವಿಚಾರ ಮಾಡುವ ಸ್ವಭಾವ ಅವನದಲ್ಲ. "ಸಿಟ್ಟ ಬಂದಿದ್ರ ಊಟ ಬಿಡ್ತಿದ್ದ," ಎಂದ. "ಎರಡ ರೊಟ್ಟಿ ಉಣ್ಣಾಕತ್ತಾನಲ್ಲ."

ಅವಳಿಗೆ ಸಮಾಧಾನವಾಗಲಿಲ್ಲ. ಆದರೆ ಒಂದು ಜಂಪರ್ ನೋಡಿ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಮಷೀನು ನಿಲ್ಲಲಿಲ್ಲ.

ಇಂಥ ಹೊತ್ತಿನಲ್ಲೇ ಪುಂಡಲೀಕ ಹೊಲದಿಂದ ಒಂದು ನಾಯಿಮರಿಯನ್ನು ತಂದ. ಕಡಲೆ ಹೊಲದ ಬದುವಿನಲ್ಲಿ ಒಂದೇ ಕೂತು ಅಳುತ್ತಿತ್ತಂತೆ. ಕರಿ ಬಣ್ಣ, ಆದ್ದರಿಂದ ಕಾಳ್ಯಾ. ಆರು ತಿಂಗಳಲ್ಲಿ ಕಾಲು ಉದ್ದವಾಗಿ, ಕಿವಿ ಒಂದು ನೆಟ್ಟಗೆ ಒಂದು ಮಡಚಿಕೊಂಡು, ದೊಡ್ಡ ನಾಯಿಯಾಯಿತು. ಧೈರ್ಯ ಮಾತ್ರ ಮರಿಯದ್ದೇ ಉಳಿಯಿತು. ಗುಂಡಿ ಮೊದಲ ದಿನವೇ ಅದರ ಮೂಗಿಗೆ ಒಂದು ಏಟು ಕೊಟ್ಟು ಮನೆ ಯಾರದೆಂದು ತಿಳಿಸಿತ್ತು. ಅಂದಿನಿಂದ ಕಾಳ್ಯಾ ಪಡಸಾಲೆಗೆ ಬರಬೇಕಾದರೆ ಮೊದಲು ಹೊಸ್ತಿಲಲ್ಲಿ ನಿಂತು ಗುಂಡಿ ಎಲ್ಲಿದೆ ಎಂದು ಹುಡುಕುತ್ತಿತ್ತು. ಗುಂಡಿ ಎಡಗಡೆ ಇದ್ದರೆ ಬಲಗಡೆಯ ಗೋಡೆ ಹಿಡಿದು ನಡೆಯುವುದು, ಬಲಗಡೆ ಇದ್ದರೆ ಎಡಗಡೆಯದು. ನಡುವೆ ಇದ್ದರೆ ಹೊರಗೇ ಮಲಗುವುದು.

ಮಷೀನಿನ ಸದ್ದಿಗೂ ಕಾಳ್ಯಾನಿಗೂ ಇನ್ನೊಂದು ನಂಟು ಬೆಳೆಯಿತು. ಮಂಜುಳಾ ನಿಧಾನವಾಗಿ ತುಳಿದರೆ ಅದು ತಲೆ ಓರೆ ಮಾಡಿ ಕೇಳುವುದು. ಜೋರಾಗಿ ತುಳಿದ ಕೂಡಲೇ ಕತ್ತು ಮೇಲೆತ್ತಿ ಊಳಿಡುವುದು. ನಿಲ್ಲಿಸಿದರೆ ತಾನೂ ನಿಲ್ಲಿಸುವುದು. ಉದ್ದನೆಯ ಹೊಲಿಗೆ ಬಂದಾಗ ಇಡೀ ಓಣಿಗೆ ತಿಳಿಯುತ್ತಿತ್ತು. ಗುಂಡಿಗೆ ಈ ಊಳು ಸೇರುತ್ತಿರಲಿಲ್ಲ. ಬಟ್ಟೆಯ ಗುಡ್ಡದ ಮೇಲಿಂದ ಎದ್ದು, ಮೈ ಮುರಿದು, ಇಳಿದು ಹೋಗಿ ಕಾಳ್ಯಾನ ಕೆನ್ನೆಗೆ ಒಂದು ಕೊಟ್ಟು, ಮತ್ತೆ ಬಂದು ತನ್ನ ಜಾಗದಲ್ಲೇ ಕೂರುವುದು. ಒಂದು ಜಂಪರ್ ಮುಗಿಯುವುದರೊಳಗೆ ಇದು ನಾಲ್ಕೈದು ಸಲ ಆಗುತ್ತಿತ್ತು.

ಪಕ್ಕದ ಮನೆಯ ರಹೀಮಾಬಿ ಕೌದಿ ಹೊಲಿಯುವವಳು. ಹಳೆಯ ಸೀರೆ, ಲುಂಗಿ, ಮಕ್ಕಳ ಲಂಗ, ಎಲ್ಲವನ್ನೂ ಪದರ ಪದರ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದಲೇ ಸಾಲು ಹಾಕುವಳು. ಅವಳ ಮನೆಯಲ್ಲಿ ಅಷ್ಟು ಉದ್ದ ಹಾಸಲು ಜಾಗವಿಲ್ಲವೆಂದು ಮಧ್ಯಾಹ್ನ ತಿರಕಪ್ಪನ ಪಡಸಾಲೆಗೆ ಬರುತ್ತಿದ್ದಳು. ಒಂದು ದಿನ ಹಾಗೆ ಕೌದಿ ಹಾಸಿ, ಒಂದು ಕಡೆಯಿಂದ ಸಾಲು ಹಾಕುತ್ತ ಮಾತಾಡುತ್ತ ಬರುವಾಗ ನಡುವೆ ಒಂದು ಉಬ್ಬು ಸಿಕ್ಕಿತು. ಬಟ್ಟೆ ಮಡಚಿಕೊಂಡಿದೆ ಎಂದು ಅವಳು ಅಂಗೈಯಿಂದ ತಟ್ಟಿದಳು. ಉಬ್ಬು ಒಂದು ಗೇಣು ಮುಂದೆ ಹೋಯಿತು.

"ಮಂಜುಳಾ, ಇಲ್ನೋಡ ಬೇ," ಎಂದಳು ರಹೀಮಾಬಿ ಸೂಜಿ ಎತ್ತಿ ಹಿಡಿದು. "ನನ್ನ ಕೌದಿ ನಡ್ಯಾಕತ್ತೈತಿ."

ಹೊಲಿಯದೆ ಬಿಟ್ಟಿದ್ದ ಬದಿಯಿಂದ ಗುಂಡಿ ಯಾವಾಗಲೋ ಪದರಗಳ ನಡುವೆ ಹೊಕ್ಕಿತ್ತು. ಮಂಜುಳಾ ಏಳುವಷ್ಟರಲ್ಲಿ, ಹೊಸ್ತಿಲಲ್ಲಿದ್ದ ಕಾಳ್ಯಾ ಸರಿದಾಡುವ ಉಬ್ಬನ್ನು ನೋಡಿತು. ಅದು ಗುಂಡಿ ಎಂದು ಅದಕ್ಕೆ ಹೇಗೆ ತಿಳಿಯಬೇಕು. ಹುಟ್ಟಿದ ಮೇಲೆ ಮೊದಲ ಸಲ ಧೈರ್ಯ ಮಾಡಿ, ಎರಡೂ ಮುಂಗಾಲು ಎತ್ತಿ ಅದರ ಮೇಲೆ ಹಾರಿತು. ಒಳಗಿನಿಂದ ಬುಸ್ ಎಂಬ ಸದ್ದು ಬಂತು. ಕೌದಿಗೆ ಕೌದಿಯೇ ಎದ್ದು ಪಡಸಾಲೆಯ ತುಂಬ ಓಡಿತು, ಹಿಂದೆ ಸೂಜಿ ದಾರ, ಅದರ ಹಿಂದೆ ರಹೀಮಾಬಿ. ಬಾಗಿಲ ಬಳಿ ಗುಂಡಿ ಹೊರಬಿದ್ದಾಗ ಕಾಳ್ಯಾ ಅದರ ಮುಖ ನೋಡಿದ್ದೇ ತಡ, ಬಾಲ ಮಡಚಿಕೊಂಡು ಮಷೀನಿನ ಕೆಳಗೆ ನುಗ್ಗಿ ತುಳಿಯುವ ಹಲಗೆಯ ಹಿಂದೆ ಅಡಗಿ ಕೂತಿತು. ಸಂಜೆಯವರೆಗೆ ಹೊರಗೆ ಬರಲಿಲ್ಲ. ಮಂಜುಳಾ ಅಂದು ಹೊಲಿಗೆಯನ್ನೇ ಬಿಡಬೇಕಾಯಿತು.

ಆ ಗದ್ದಲದಲ್ಲಿ ಅವಳು ಮಾವನ ಕಡೆ ನೋಡಿದಳು. ಅವನು ರಸ್ತೆಯ ಕಡೆ ಮುಖ ಮಾಡಿ ಹಾಗೆಯೇ ಕೂತಿದ್ದ. ಆದರೆ ಹೆಗಲು ಅಲುಗಾಡುತ್ತಿದ್ದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಮುಂದೆ ಹೋಗಿ ನೋಡುವ ಧೈರ್ಯವಾಗಲಿಲ್ಲ.

ಮಾಘ ಮಾಸದಲ್ಲಿ ಕಾಳ್ಯಾನಿಗೆ ಪೆಟ್ಟಾಯಿತು. ಪುಂಡಲೀಕನ ಟ್ರ್ಯಾಕ್ಟರಿನ ಹಿಂದೆ ಓಡಿ ಹೋಗುವಾಗ ಯಾರದೋ ಹೊಲದ ಮುಳ್ಳುತಂತಿ ಬೇಲಿಯಲ್ಲಿ ನುಸುಳಲು ನೋಡಿ, ಪಕ್ಕೆ ಒಂದು ಗೇಣು ಸೀಳಿಹೋಯಿತು. ಪುಂಡಲೀಕ ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮನೆಗೆ ತಂದ. ದನದ ಡಾಕ್ಟರಿಗೆ ಫೋನು ಮಾಡಿದರು. ಅವನು ಬೈಕಿನ ಮೇಲೆ ಬಂದು, ಕಾಳ್ಯಾನನ್ನು ಪಡಸಾಲೆಯ ಗೋಣಿಚೀಲದ ಮೇಲೆ ಮಲಗಿಸಿ, ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು, ಬಾಗಿದ ಸೂಜಿಯಿಂದ ಹೊಲಿಯತೊಡಗಿದ.

ತಿರಕಪ್ಪ ಬಡಿಗೆ ಊರಿಕೊಂಡು ಬಂದು ಡಾಕ್ಟರನ ತಲೆಯ ಮೇಲೆ ಬಾಗಿ ನಿಂತ. ಒಂದು ಹೊಲಿಗೆ ಬಿತ್ತು, ಎರಡು ಬಿತ್ತು. ಐದನೆಯದು ಬಿದ್ದಾಗ ಅವನು ಬಾಯಿ ಬಿಟ್ಟ.

"ಹೊಲಿಗಿ ಭಾಳ ದೂರ ದೂರ ಬೀಳಾಕತ್ತಾವು."

ಮಾತು ತೊದಲಿತ್ತು, ಆದರೂ ಎಲ್ಲರಿಗೂ ತಿಳಿಯಿತು. ಪುಂಡಲೀಕ ನಾಯಿಯ ತಲೆ ಹಿಡಿದವನು ಹಾಗೆಯೇ ಕತ್ತೆತ್ತಿ ಅಪ್ಪನ ಮುಖ ನೋಡಿದ. ಎಷ್ಟೋ ತಿಂಗಳ ಮೇಲೆ ಅವನು ಕೇಳಿದ ಪೂರ್ತಿ ಮಾತು ಅದು.

ಡಾಕ್ಟರನಿಗೆ ಇದೆಲ್ಲ ಗೊತ್ತಿರಲಿಲ್ಲ. "ಇದು ಚರ್ಮ ಐತ್ರಿ ಅಜ್ಜಾರ, ಬಟ್ಟಿ ಅಲ್ಲ," ಎಂದ ತಲೆ ಎತ್ತದೆ. "ಬಾವು ಬಂದ್ರ ಜಾಗಾ ಬೇಕಾಕ್ಕೈತಿ. ಅದಕ್ಕ ದೂರ ಹಾಕೂದು."

ತಿರಕಪ್ಪ ಇನ್ನಷ್ಟು ಬಾಗಿ ಹೊಲಿಗೆಗಳನ್ನು ನೋಡಿದ. "ಹಂಗಾರ ಬರೊಬ್ಬರಿ," ಎಂದ.

ಡಾಕ್ಟರ್ ಹೋಗುವಾಗ ಒಂದು ಮಾತು ಹೇಳಿ ಹೋದ. ನಾಯಿ ಹೊಲಿಗೆಯನ್ನು ನೆಕ್ಕಬಾರದು, ಕಚ್ಚಿ ಕಿತ್ತರೆ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ, ಹತ್ತು ದಿನ ಪಕ್ಕೆಗೆ ಬಟ್ಟೆ ಕಟ್ಟಿರಿ.

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲು ಪುಂಡಲೀಕನ ಲುಂಗಿ ಸುತ್ತಿದರು. ಕಾಳ್ಯಾ ಎದ್ದು ಒಮ್ಮೆ ಮೈ ಕೊಡವಿದಾಗ ಲುಂಗಿ ಜಾರಿ ಹಿಂಗಾಲಿಗೆ ಬಂತು. ಗಟ್ಟಿ ಗಂಟು ಹಾಕಿ ಕಟ್ಟಿದರೆ, ಆ ಗಂಟಿನ ತುದಿ ಅಲುಗಾಡುವುದನ್ನು ಗುಂಡಿ ನೋಡಿತು. ಎರಡು ಏಟಿನಲ್ಲಿ ಬಿಚ್ಚಿತು. ಮರುದಿನ ಮಂಜುಳಾ ತಾನೇ ಒಂದು ಅಂಗಿ ಹೊಲಿಯುತ್ತೇನೆಂದು ಕೂತಳು. ಅವಳಿಗೆ ಗೊತ್ತಿದ್ದದ್ದು ಜಂಪರ್. ಎರಡು ತೋಳು, ಹಿಂದೆ ಕೊರಳು, ಮುಂದೆ ಹುಕ್ಕು. ಕಾಳ್ಯಾನ ಮುಂಗಾಲುಗಳನ್ನು ತೋಳಿನಲ್ಲಿ ತೂರಿಸಿ ಹುಕ್ಕು ಹಾಕಿ, ಹಿಂದೆ ಸರಿದು ನೋಡಿದಳು. ಪರವಾಗಿಲ್ಲ ಅನಿಸಿತು. ಕಾಳ್ಯಾ ನಾಲ್ಕು ಹೆಜ್ಜೆ ಹಿಂದಕ್ಕೆ ನಡೆಯಿತು. ಜಂಪರ್ ಇದ್ದಲ್ಲೇ ಉಳಿಯಿತು, ನಾಯಿ ಅದರೊಳಗಿನಿಂದ ಹಿಂದಕ್ಕೆ ಹೊರಬಂತು. ಗುಂಡಿ ಬಂದು ಜಂಪರಿನ ಮೇಲೆ ಕೂತಿತು.

ಮಂಜುಳಾ ನೆಲದ ಮೇಲೆ ಕೂತುಬಿಟ್ಟಳು. ಗಾಯದ ತುದಿಯಲ್ಲಿ ಆಗಲೇ ಒಂದು ಹೊಲಿಗೆ ಸಡಿಲವಾಗಿತ್ತು.

"ಎದಿ ಅಳತಿ ತಗೊಂಡಿಯೇನವ್ವಾ?"

ಅವಳು ತಿರುಗಿ ನೋಡಿದಳು. ತಿರಕಪ್ಪ ಕುರ್ಚಿಯನ್ನು ಮಷೀನಿನ ಕಡೆ ತಿರುಗಿಸಿಕೊಂಡು ಕೂತಿದ್ದ.

"ಇಲ್ರಿ ಮಾವಾರ," ಎಂದಳು ಗಡಬಡಿಸಿ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ. "ಅಂದಾಜಿಗೆ ಹೊಲದೆ."

"ಮನಷ್ಯಾರ ಎದಿ ಅಗಲ ಇರ್ತೈತಿ. ನಾಯೀದು ಅಗಲ ಇಲ್ಲ, ಆಳ ಐತಿ." ಅವನು ಒಂದೊಂದೇ ಮಾತನ್ನು ನಾಲಿಗೆಯ ಮೇಲೆ ಜೋಡಿಸಿಕೊಂಡು ಹೇಳಿದ. "ಟೇಪ ತಾ. ರಹೀಮಾಬೀನ ಕರಿ, ಹಿಡ್ಯಾಕ ಒಬ್ರು ಬೇಕು."

ರಹೀಮಾಬಿ ಬಂದು ಕಾಳ್ಯಾನನ್ನು ತೊಡೆಯ ಮೇಲೆ ಒತ್ತಿ ಹಿಡಿದಳು. ತಿರಕಪ್ಪ ಹೇಳಿದಂತೆ ಮಂಜುಳಾ ಅಳೆದಳು. ಕೊರಳ ಸುತ್ತಳತೆ, ಮುಂಗಾಲಿನ ಹಿಂದಿನ ಸುತ್ತಳತೆ, ಎರಡು ಮುಂಗಾಲುಗಳ ನಡುವಿನ ಅಂತರ, ಕೊರಳಿನಿಂದ ಬಾಲದ ಬುಡದವರೆಗೆ ಬೆನ್ನಿನ ಉದ್ದ. ಬೆನ್ನಿನ ಉದ್ದ ಅಳೆಯುವಾಗ ಟೇಪಿನ ಜೋತುಬಿದ್ದ ತುದಿಯನ್ನು ಗುಂಡಿ ಹಿಡಿದುಕೊಂಡಿತು. ಇತ್ತ ಕಡೆಯ ತುದಿಯನ್ನು ಕಾಳ್ಯಾ ಬಾಯಲ್ಲಿ ಹಿಡಿಯಿತು. ಎರಡೂ ಬಿಡಲಿಲ್ಲ.

"ಎಷ್ಟ ಬಂತು?" ಎಂದ ತಿರಕಪ್ಪ.

"ಇವು ಬಿಟ್ರ ಹೇಳ್ತೀನ್ರಿ," ಎಂದಳು ಮಂಜುಳಾ.

ಈ ಸಲ ಅವನು ನಗುವುದು ಎದುರಿಗೇ ಕಾಣಿಸಿತು. ಲಕ್ವಾ ಹೊಡೆದ ಮುಖದ ಒಂದೇ ಬದಿ ನಗುತ್ತಿತ್ತು, ಅಷ್ಟೇ.

ಬಟ್ಟೆ ಯಾವುದೆಂದು ಕೇಳಿದಾಗ ತಿರಕಪ್ಪ ಒಳಗಿನ ಗೂಟದ ಕಡೆ ಕೈ ತೋರಿಸಿದ. ಅಲ್ಲಿ ಅವನದೇ ಒಂದು ನೀಲಿ ಗೆರೆಯ ಅಂಗಿ ತೂಗುತ್ತಿತ್ತು. ಒಗೆದು ಒಗೆದು ಮೆತ್ತಗಾದದ್ದು, ಕಾಯಿಲೆಗೆ ಮೊದಲು ದಿನಾ ಮೈಮೇಲೆ ಇರುತ್ತಿದ್ದದ್ದು. ಒಂದು ಕೈಯಲ್ಲಿ ಗುಂಡಿಗಳನ್ನು ಹಾಕಿಕೊಳ್ಳಲಾಗದೆ ಅವನು ಅಂಗಿ ಬಿಟ್ಟು, ತಲೆಯಿಂದ ಹಾಕಿಕೊಳ್ಳುವ ಬನಿಯನ್ನು ತೊಡಲು ಶುರು ಮಾಡಿದ್ದ.

"ಅದು ನಿಮ್ಮದಲ್ರಿ," ಎಂದಳು ಮಂಜುಳಾ.

"ಹೊಸಾ ಬಟ್ಟಿ ಗಾಯಕ್ಕ ಒರಟ ಆಗ್ತೈತಿ. ಇದ ಛಲೋ."

ಅಂಗಿಯನ್ನು ಹಾಸಿದರು. ಗುಂಡಿಯನ್ನು ಎತ್ತಿ ಆಚೆ ಇಟ್ಟರು, ಮತ್ತೆ ಬಂತು, ಮತ್ತೆ ಎತ್ತಿಟ್ಟರು, ಕೊನೆಗೆ ರಹೀಮಾಬಿ ಅದನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡಳು. ತಿರಕಪ್ಪ ಎಡಗೈಯಲ್ಲಿ ಸೀಮೆಸುಣ್ಣದ ಖಡು ಹಿಡಿದು ಗೆರೆ ಹಾಕಿದ. ಗೆರೆ ನಡುಗಿತು. ಅಳಿಸಿ ಮತ್ತೆ ಹಾಕಿದ. ಮೂರನೆಯ ಸಲಕ್ಕೆ ಒಂದು ರೀತಿಗೆ ಬಂತು. ಕತ್ತರಿ ಎಡಗೈಗೆ ತೆಗೆದುಕೊಂಡು ಕತ್ತರಿಸಲು ನೋಡಿದರೆ ಬಟ್ಟೆ ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬಿತ್ತು. ಅದು ಬಲಗೈಯ ಕತ್ತರಿ. ಅವನು ಒಂದು ಗಳಿಗೆ ಅದನ್ನೇ ನೋಡುತ್ತ ಕೂತ. ಆಮೇಲೆ ಅಲಗಿನ ಕಡೆಯಿಂದ ಹಿಡಿದು ಸೊಸೆಯ ಕಡೆ ಚಾಚಿದ.

"ನೀ ಕತ್ತರಸು. ಗೆರಿ ಬಿಟ್ಟ ಅರ್ಧಾ ಬೆರಳು."

ಕಿಸೆ ಬಿಚ್ಚಬೇಕೇ ಎಂದು ಅವಳು ಕೇಳಿದಳು. ಬಿಚ್ಚಿದರೆ ಆ ಸವೆದ ಬಟ್ಟೆ ಹರಿದೀತು, ಇರಲಿ ಎಂದ. ಹೀಗಾಗಿ ಕಾಳ್ಯಾನ ಅಂಗಿಗೆ ಹೆಗಲ ಮೇಲೆ ಒಂದು ಕಿಸೆ ಉಳಿಯಿತು.

ಹೊಲಿಯುವಾಗ ಮಂಜುಳಾ ಸ್ಟೂಲಿನ ಮೇಲೆ ಕೂತು ತುಳಿದಳು. ತಿರಕಪ್ಪ ಕುರ್ಚಿಯನ್ನು ಎಡಗಡೆಗೆ ಎಳೆದುಕೊಂಡು, ಎಡಗೈಯಿಂದ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುತ್ತ ಹೋದ. ಸೊಸೆಯಾಗಿ ಬಂದ ಒಂಬತ್ತು ವರ್ಷಗಳಲ್ಲಿ ಅವಳು ಮಾವನ ಪಕ್ಕದಲ್ಲಿ ಸರಿಸಮನಾಗಿ ಕೂತದ್ದು ಅದೇ ಮೊದಲು. ಕಾಲಿನ ತಾಳ ತಪ್ಪಿ ಚಕ್ರ ಹಿಂದಕ್ಕೆ ತಿರುಗಿತು, ದಾರ ಹರಿಯಿತು. ಅವಳು ದಾರ ಪೋಣಿಸಿದಳು. ಮತ್ತೆ ತುಳಿದಳು. ಹೊಸ್ತಿಲಲ್ಲಿ ಕಾಳ್ಯಾ ಊಳಿಟ್ಟಿತು.

ರಹೀಮಾಬಿ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಗುಂಡಿಯನ್ನು ಕೆಳಗಿಳಿಸಿ ಮನೆಗೆ ಹೋದಳು. ಇಬ್ಬರೇ ಉಳಿದಾಗ ಮಂಜುಳಾ ತುಳಿಯುವುದನ್ನು ನಿಲ್ಲಿಸಿದಳು.

"ಮಾವಾರ, ನಾ ನಿಮ್ಮನ್ನ ಕೇಳದ ಮಷೀನ್ ತಗದೆ. ಸಿಟ್ಟ ಬಂತೇನ್ರಿ?"

"ಯಾವಾಗ?"

"ಅವತ್ತ. ನೀವು ಬೆನ್ನ ಮಾಡಿ ಕುಂತ್ರಿ. ಅವಾಗಿಂದ ಹಂಗ ಕುಂತೀರಿ."

ತಿರಕಪ್ಪ ಬಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ಮಾತು ಜೋಡಿಸಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು.

"ನೋಡ್ಕೋತ ಕುಂತ್ರ ಕೈ ಸುಮ್ನ ಇರ್ತಿರಲಿಲ್ಲವ್ವಾ. ಎದ್ದ ಬಂದು ಹಿಂಗಲ್ಲ ಹಂಗ ಅಂತಿದ್ದೆ. ಮಾತ ನೆಟ್ಟಗ ಬರಂಗಿಲ್ಲ, ಕೈ ಬರಂಗಿಲ್ಲ. ನಿನಗೂ ತ್ರಾಸು. ಅದಕ್ಕ ಆ ಕಡಿ ತಿರಗಿ ಕುಂತೆ." ಬಟ್ಟೆಯ ಸುಕ್ಕು ಬಿಡಿಸುತ್ತ, "ಸಪ್ಪಳ ಕೇಳ್ತಿದ್ದೆ," ಎಂದ.

"ಸಪ್ಪಳಾ?"

"ದಾರ ಹರದ್ರ ಗೊತ್ತಾಕ್ಕೈತಿ. ಸೂಜಿ ಮುರದ್ರ ಗೊತ್ತಾಕ್ಕೈತಿ. ಹೋದ ಮಂಗಳವಾರ ಎರಡ ಸೂಜಿ ಮುರದಿ."

ಮಂಜುಳಾ ತಲೆ ಬಗ್ಗಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ನಗುತ್ತಿತ್ತು. "ಮೂರ್ರಿ," ಎಂದಳು.

"ಮೂರನೇದು ಯಾವಾಗ?"

"ನೀವು ಮುಖಾ ತೊಳ್ಯಾಕ ಹೋದಾಗ."

ಅವನು ಸರಿ ಎಂಬಂತೆ ತಲೆ ಆಡಿಸಿದ. ಹೊಲಿಗೆ ಮುಂದುವರಿಯಿತು.

ಸಂಜೆಗೆ ಅಂಗಿ ತಯಾರಾಯಿತು. ಹುಕ್ಕಿನ ಬದಲು ಬೆನ್ನ ಮೇಲೆ ಕಟ್ಟುವ ಕಸೆ ಇಟ್ಟಿದ್ದರು, ನಾಯಿಯ ಬಾಯಿ ಅಲ್ಲಿಗೆ ಎಟುಕುವುದಿಲ್ಲ. ಹೊಟ್ಟೆಯ ಕೆಳಗೆ ಉಚ್ಚೆಗೆ ತೊಂದರೆಯಾಗದಂತೆ ಬಟ್ಟೆಯನ್ನು ಮೇಲಕ್ಕೆ ತೆಗೆದಿದ್ದರು. ಪುಂಡಲೀಕ ಕೆಲಸದಿಂದ ಬಂದು ಕೈ ತೊಳೆಯುವ ಮೊದಲೇ ನಾಯಿಯನ್ನು ಹಿಡಿಯಲು ಕೂರಿಸಿದರು. ಅಂಗಿ ಕಾಳ್ಯಾನ ಮೈಗೆ ಹೊಲಿದಿಟ್ಟಂತೆ ಕೂತಿತು. ಪುಂಡಲೀಕ ಕೈ ಬಿಟ್ಟ.

ಕಾಳ್ಯಾ ಅಲುಗಾಡಲಿಲ್ಲ. ಪಡಸಾಲೆಯ ನಟ್ಟನಡುವೆ, ನಾಲ್ಕು ಕಾಲೂರಿ, ಬಾಲ ಇಳಿಬಿಟ್ಟು, ಯಾರೋ ಮೈಮೇಲೆ ಭಾರ ಹೇರಿದ್ದಾರೆಂಬಂತೆ ನಿಂತಿತು. ಕಣ್ಣು ಮಾತ್ರ ಒಬ್ಬರಿಂದ ಒಬ್ಬರ ಕಡೆ ಹೊರಳುತ್ತಿತ್ತು. ಪುಂಡಲೀಕ ಬಿಸ್ಕೀಟು ತೋರಿಸಿದ, ಬರಲಿಲ್ಲ. ನಿಂತು ನಿಂತು ಕೊನೆಗೆ ಹಿಂಗಾಲು ಮಡಚಿ, ಮುಂಗಾಲು ಮಡಚಿ, ನಿಟ್ಟುಸಿರು ಬಿಟ್ಟು ಮಲಗಿತು.

ಆಗ ಗುಂಡಿ ಬಂತು. ಕಾಳ್ಯಾ ಅದನ್ನು ನೋಡಿ ಕಿವಿ ಎರಡನ್ನೂ ಹಿಂದಕ್ಕೆ ಒತ್ತಿಕೊಂಡಿತು. ಓಡಬೇಕೆಂದರೆ ಮೈಮೇಲೆ ಅಂಗಿ. ಗುಂಡಿ ಸುತ್ತಲೂ ಒಂದು ಸುತ್ತು ಬಂತು. ನೀಲಿ ಗೆರೆಯ ಆ ಬಟ್ಟೆಯನ್ನು ಮೂಸಿತು. ವರ್ಷಗಟ್ಟಲೆ ತಿರಕಪ್ಪನ ಮಡಿಲಲ್ಲಿ ಮಲಗಿದ ಬೆಕ್ಕು ಅದು, ಆ ಅಂಗಿಯ ವಾಸನೆ ಅದಕ್ಕೆ ಗೊತ್ತಿತ್ತು. ಅದರೊಳಗೆ ಯಾರಿದ್ದಾರೆ ಎಂಬುದು ದೊಡ್ಡ ವಿಷಯವಾಗಲಿಲ್ಲ. ಗಾಯವಿಲ್ಲದ ಬದಿಯಿಂದ ಕಾಳ್ಯಾನ ಬೆನ್ನ ಮೇಲೆ ಮುಂಗಾಲಿಟ್ಟು ನಾಲ್ಕು ಸಲ ನಾದಿತು. ಹತ್ತಿತು. ಒಂದು ಸುತ್ತು ತಿರುಗಿತು. ಹೆಗಲಿನ ಕಿಸೆಯ ಹತ್ತಿರ ಕೂತು ಕಣ್ಣು ಮುಚ್ಚಿತು.

ಕಾಳ್ಯಾ ಉಸಿರು ಬಿಗಿಹಿಡಿದಿತ್ತು. ಸ್ವಲ್ಪ ಹೊತ್ತಿನಲ್ಲಿ ಬೆಕ್ಕಿನ ಗುರುಗುರು ಸದ್ದು ಶುರುವಾಯಿತು. ಆ ಸದ್ದು ತನ್ನ ಬೆನ್ನಿನಿಂದಲೇ ಬರುತ್ತಿದೆ ಎಂದು ಕಾಳ್ಯಾನಿಗೆ ತಿಳಿದಾಗ ಅದರ ಒಂದು ಕಿವಿ ಮೆಲ್ಲಗೆ ಎದ್ದಿತು. ಆಮೇಲೆ ಗದ್ದವನ್ನು ನೆಲಕ್ಕೆ ಊರಿ ಅದೂ ಕಣ್ಣು ಮುಚ್ಚಿತು.

"ಮಲ್ಕೊಳ್ಳಿ ಬಿಡ್ರಿ," ಎಂದಳು ಮಂಜುಳಾ ಪಿಸುಮಾತಿನಲ್ಲಿ. ಪುಂಡಲೀಕ ಕೈ ತೊಳೆಯಲು ತುದಿಗಾಲಲ್ಲಿ ಹೋದ.

ಮುಂದಿನ ಹತ್ತು ದಿನ ಗುಂಡಿ ಬಟ್ಟೆಯ ಗುಡ್ಡದ ಮೇಲೆ ಕೂರುವುದನ್ನು ಬಿಟ್ಟಿತು. ಕಾಳ್ಯಾ ಎಲ್ಲಿ ಮಲಗಿದರೆ ಅಲ್ಲಿ. ಬೆನ್ನ ಮೇಲೆ ಬೆಕ್ಕಿರುವಷ್ಟು ಹೊತ್ತು ಕಾಳ್ಯಾ ಗಾಯದ ಕಡೆ ಕತ್ತು ತಿರುಗಿಸುತ್ತಿರಲಿಲ್ಲ, ಮಷೀನು ಎಷ್ಟು ಜೋರಾಗಿ ಓಡಿದರೂ ಊಳಿಡುತ್ತಿರಲಿಲ್ಲ. ಗಂಟಲಿನವರೆಗೆ ಬಂದದ್ದನ್ನು ನುಂಗಿಕೊಳ್ಳುವುದು ಕಾಣುತ್ತಿತ್ತು. ಓಣಿಯವರು ಬಂದು ಬಂದು ನೋಡಿ ಹೋದರು. ರಹೀಮಾಬಿಯ ಗಂಡ ಮಾಬುಸಾಬ ನಾಯಿಯ ಅಂಗಿಯನ್ನು ಬಾಗಿ ಪರೀಕ್ಷಿಸಿ, "ನನ್ನ ಅಂಗಿಗಿಂತ ಚಂದ ಕುಂತೈತಲ್ಲೋ ತಿರಕಪ್ಪಾ," ಎಂದು ಬೇಸರದಿಂದ ಹೇಳಿದ.

ಡಾಕ್ಟರ್ ಬಂದು ಹೊಲಿಗೆ ಬಿಚ್ಚಿದ. ಗಾಯ ಕೂಡಿತ್ತು. ಅಂಗಿ ತೆಗೆದು ಒಗೆಯಲು ಹಿತ್ತಲ ಬಾವಿಯ ಕಟ್ಟೆಯ ಮೇಲಿಟ್ಟರು. ಅಂಗಿಯಿಲ್ಲದ ಕಾಳ್ಯಾನನ್ನು ಗುಂಡಿ ನೋಡಿತು, ಹತ್ತಿರ ಹೋಗಿ ಮೂಸಿತು, ಮೂಗಿಗೆ ಒಂದು ಏಟು ಕೊಟ್ಟಿತು. ಕಾಳ್ಯಾ ಸ್ವಲ್ಪ ಹೊತ್ತು ಗೋಡೆಯ ಬಳಿ ನಿಂತು, ಏನೋ ವಿಚಾರ ಮಾಡಿದಂತೆ ಹಿತ್ತಲಿಗೆ ಹೋಯಿತು. ಬರುವಾಗ ಬಾಯಲ್ಲಿ ಅಂಗಿ ಇತ್ತು. ಅದನ್ನು ಪಡಸಾಲೆಯ ನೆಲದ ಮೇಲೆ ಹಾಕಿ, ತಾನು ಒಂದು ಅಂಚಿನ ಮೇಲೆ ಮೈ ಹಾಕಿ ಮಲಗಿತು, ಉಳಿದದ್ದನ್ನು ಬಿಟ್ಟುಕೊಟ್ಟಿತು. ಗುಂಡಿ ಬಂದು ಉಳಿದದ್ದರ ಮೇಲೆ ಕೂತಿತು. ಅಂಗಿಯನ್ನು ಮತ್ತೆ ಒಗೆಯುವ ಯೋಗ ಬರಲಿಲ್ಲ.

ಯುಗಾದಿಗೆ ಮೊದಲು ಪುಂಡಲೀಕ ಹುಬ್ಬಳ್ಳಿಗೆ ಟ್ರ್ಯಾಕ್ಟರಿನ ಸಾಮಾನು ತರಲು ಹೋದವನು, ಏಳು ಅಂಗಡಿ ತಿರುಗಿ ಎಡಗೈಯ ಕತ್ತರಿಯೊಂದನ್ನು ತಂದ. ತಿರಕಪ್ಪ ಅದನ್ನು ಕಾಗದದಿಂದ ಬಿಡಿಸಿ, ಹಳೆಯ ಬಟ್ಟೆಯ ತುಂಡಿನ ಮೇಲೆ ಆಡಿಸಿ ನೋಡಿದ. ಸರಾಗ ಕತ್ತರಿಸಿತು. ಮರುದಿನ ಬೆಳಿಗ್ಗೆ ಚಹಾ ಕುಡಿದವನೇ ಮಾಬುಸಾಬನನ್ನು ಕೂಗಿ ಕರೆದ. ಓಣಿಯಲ್ಲಿ ಅವನ ಧ್ವನಿ ಅಷ್ಟು ಜೋರಾಗಿ ಕೇಳಿದ್ದು ಲಕ್ವಾ ಹೊಡೆದ ಮೇಲೆ ಅದೇ ಮೊದಲು.

"ಅಂಗಿ ಬಟ್ಟಿ ಇದ್ರ ತಗೊಂಬಾ," ಎಂದ. "ನಾಯಿ ಮ್ಯಾಲ ಹೊಟ್ಟಿಕಿಚ್ಚ ಪಡಬ್ಯಾಡ."

ಮಂಜುಳಾ ಗಂಡಸರ ಅಂಗಿಯನ್ನು ಎಂದೂ ಹೊಲಿದವಳಲ್ಲ. ಮಾವ ಕತ್ತರಿಸಿಕೊಟ್ಟ, ಅವಳು ಹೊಲಿದಳು. ಹೆಗಲು, ತೋಳು, ಮುಂದಿನ ಪಟ್ಟಿ, ಎಲ್ಲ ಅವನು ಹೇಳಿದಂತೆ ಕೂಡಿ ಬಂದವು. ಕಾಲರ್ ಮಾತ್ರ ಒಂದು ಇಡೀ ದಿನ ಹಿಡಿಯಿತು. ಸಂಜೆ ಅದನ್ನು ತಿರುವಿ, ತುದಿಗಳನ್ನು ಸೂಜಿಯಿಂದ ಎಳೆದು, ಇಸ್ತ್ರಿ ಹಾಕಿ ಅವನ ಮುಂದಿಟ್ಟಳು. ಅವಳ ಕಣ್ಣಿಗೆ ಅದು ಅಂಗಡಿಯ ಕಾಲರಿನಂತೆಯೇ ಕಂಡಿತ್ತು. ತಿರಕಪ್ಪ ಎಡಗೈಯ ಹೆಬ್ಬೆರಳನ್ನು ಅಂಚಿನ ಗುಂಟ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓಡಿಸಿದ. ಬಲಗಡೆಯ ತುದಿಯಲ್ಲಿ ಹೆಬ್ಬೆರಳು ನಿಂತಿತು.

"ಬಿಚ್ಚು," ಎಂದ.

"ಪೂರ್ತಿರೀ?"

"ಪೂರ್ತಿ. ಇಲ್ಲಿ ಒಂದ ದಾರದಷ್ಟ ಎಳದೈತಿ. ಮಾಬುಸಾಬಗ ಕಾಣಂಗಿಲ್ಲ. ನನಗ ಕಾಣ್ತೈತಿ."

ಮಂಜುಳಾ ಕಾಲರನ್ನು ಕೈಗೆ ತೆಗೆದುಕೊಂಡು, ಬೆಳಕು ಇನ್ನೂ ಇದ್ದ ಹೊಸ್ತಿಲಿಗೆ ಹೋಗಿ ಕೂತು, ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಒಳಗಿನಿಂದ ಅವನು, ಮುಂದಿನ ಸಲ ತುದಿಗೆ ಬಂದಾಗ ಕಾಲು ಹೇಗೆ ನಿಧಾನ ಮಾಡಬೇಕೆಂದು ಹೇಳುತ್ತಲೇ ಇದ್ದ. ಅರ್ಧ ಮಾತು ತೊದಲಿ ಹೋಗುತ್ತಿತ್ತು. ತಿಳಿಯದ ಕಡೆ ಅವಳು "ಏನಂದ್ರಿ ಮಾವಾರ?" ಎಂದು ಕೇಳುತ್ತಿದ್ದಳು. ಅವನು ಬೇಸರಿಸದೆ ಮತ್ತೆ ಹೇಳುತ್ತಿದ್ದ.